ಹನ್ನೆರಡಾಣೆಯ ಚೀಲ

ಭಾಗ 1
ಮುಂದಿನ ವಾರ ನಮ್ಮ ಕ್ಲಾಸ್ ಟ್ರಿಪ್. ಮೂರು ದಿನ, ಎರಡು ರಾತ್ರಿ. ಗ್ರೂಪಲ್ಲಿ ಆಗಲೇ ಜಗಳ ಶುರುವಾಗಿದೆ: ಟ್ರಾಲಿ ಬ್ಯಾಗ್ ತರಬಹುದಾ, ಬೇಡವಾ? ಅಷ್ಟರಲ್ಲಿ ಒಬ್ಬ ಹಾಕಿದ, "ಲಗೇಜ್ ಕಡಿಮೆ ಇರ್ಲಿ, ಆದ್ರೆ ಆರಾಮಾಗಿರಬೇಕು." ಈ ಮೆಸೇಜು ನನ್ನ ತಲೇಲಿ ಕೂತುಬಿಡ್ತು.

ಕಡಿಮೆ ಹೊತ್ತುಕೊಂಡು ಆರಾಮಾಗಿ ಊರು ಸುತ್ತೋದು ಹೇಗೆ ಅಂತ ನಮಗಿಂತ ಮೊದಲೇ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಬಳ್ಳಾರಿ ರೈಲ್ವೆ ಸ್ಟೇಷನ್ನಲ್ಲಿ ಕೆಲವು ತಾಸು ಇದ್ದು ಹೋಗಿದ್ದಾರೆ. ಅವರ ಚೀಲದಿಂದಲೇ ಶುರು ಮಾಡೋಣ. ಸ್ವಲ್ಪ ಉದ್ದ ಇದೆ, ಸ್ವೈಪ್ ಮಾಡ್ತಾ ಓದಿ.

ಭಾಗ 2
ವರ್ಷ 1902. ದಕ್ಷಿಣ ಆಫ್ರಿಕಾದಿಂದ ಬಂದಿದ್ದ 32 ವರ್ಷದ ಒಬ್ಬ ಬ್ಯಾರಿಸ್ಟರ್ ಕಲ್ಕತ್ತದಿಂದ ರಾಜಕೋಟಕ್ಕೆ ಹೊರಟಿದ್ದಾರೆ. ಹೆಸರು ಮೋಹನದಾಸ ಕರಮಚಂದ ಗಾಂಧಿ. ಮೂರನೇ ದರ್ಜೆಯ ಪ್ರಯಾಣಿಕರ ಕಷ್ಟ ಏನು ಅಂತ ತಾವೇ ನೋಡಬೇಕು ಅನ್ನೋದು ಅವರ ಹಟ.

ಅವರು ಏನೇನು ಕಟ್ಟಿಕೊಂಡರು ಅಂತ ಆತ್ಮಕಥೆಯಲ್ಲೇ ಬರೆದಿದ್ದಾರೆ. ಹನ್ನೆರಡು ಆಣೆ ಕೊಟ್ಟು ತಗೊಂಡ ಕ್ಯಾನ್ವಾಸ್ ಚೀಲ. ಅದರೊಳಗೆ ಒಂದು ಉದ್ದನೆ ಉಣ್ಣೆ ಕೋಟು, ಒಂದು ಧೋತರ, ಒಂದು ಟವೆಲ್ಲು, ಒಂದು ಅಂಗಿ. ಹೊದೆಯೋಕೆ ಒಂದು ಕಂಬಳಿ. ನೀರಿಗೊಂದು ತಂಬಿಗೆ. ಗೋಪಾಲಕೃಷ್ಣ ಗೋಖಲೆ ಕೊಟ್ಟ ಲೋಹದ ಡಬ್ಬಿ, ಅದರ ತುಂಬ ಪೂರಿ ಮತ್ತು ಸಿಹಿ ಉಂಡೆ. ಮುಗೀತು.

ದಾರೀಲಿ ಕಾಶಿ, ಆಗ್ರಾ, ಜೈಪುರ, ಪಾಲನಪುರ, ಒಂದೊಂದು ಊರಲ್ಲಿ ಒಂದೊಂದು ದಿನ. ರೈಲು ಟಿಕೆಟ್ಟೂ ಸೇರಿ ಇಡೀ ಪ್ರಯಾಣಕ್ಕೆ 31 ರೂಪಾಯಿ ಮೀರಿರಲಿಲ್ಲವಂತೆ. ಬಿಕಾಂ ಹುಡುಗನಾಗಿ ಆ ಲೆಕ್ಕ ಓದಿ ನನಗೆ ಖುಷಿಯಾಯ್ತು.

ಈಗ ಆ ಪಟ್ಟಿ ಇನ್ನೊಂದು ಸಲ ನೋಡಿ. ಬಟ್ಟೆ ಕಡಿಮೆ ಮಾಡಿದ್ದಾರೆ. ಆದರೆ ಕಂಬಳಿ, ನೀರು, ಊಟ, ಮೂರರಲ್ಲಿ ಒಂದನ್ನೂ ಬಿಟ್ಟಿಲ್ಲ. ಆರಾಮ ಅಂದ್ರೆ ಇವೇ ಮೂರು. ನಾವು ಇದನ್ನೇ ಉಲ್ಟಾ ಮಾಡ್ತೀವಿ: ಫೋಟೋಗೆ ಅಂತ ಐದು ಜೊತೆ ಬಟ್ಟೆ ತುಂಬ್ತೀವಿ, ಬಾಟಲಿ ಮನೇಲಿ ಮರೀತೀವಿ.

ಭಾಗ 3
ಹತ್ತೊಂಬತ್ತು ವರ್ಷ ಮುಂದಕ್ಕೆ ಬನ್ನಿ. 1921ರ ಸೆಪ್ಟೆಂಬರ್ 22, ಮಧುರೆ. ವಿದೇಶಿ ಬಟ್ಟೆ ಬಿಡಿ ಅಂತ ಗಾಂಧೀಜಿ ಊರೂರು ಸುತ್ತುತ್ತಿದ್ದ ಕಾಲ. ಖಾದಿ ಕೊಳ್ಳೋಕೆ ನಮ್ಮ ಹತ್ರ ದುಡ್ಡೆಲ್ಲಿದೆ ಅಂತ ಬಡವರು ಕೇಳಿದರೆ ಏನು ಹೇಳೋದು? ಅವತ್ತು ಟೋಪಿ, ಅಂಗಿ ಎರಡನ್ನೂ ಬಿಟ್ಟರು. ತುಂಡು ಪಂಚೆ ಸಾಕು, ಮೈ ಕಾಯೋಕೆ ಬೇಕಾದಾಗ ಒಂದು ಚಾದರ. ಕನಿಷ್ಠ ಅಕ್ಟೋಬರ್ 31ರ ತನಕ ಹೀಗೇ ಇರ್ತೀನಿ ಅಂದಿದ್ದರು. ಆಮೇಲೆ ಕೊನೇ ತನಕ ಅದೇ ಆಯ್ತು.

ಆ ನಿರ್ಧಾರ ಆಗಿ ಬರೀ ಒಂಬತ್ತು ದಿನಕ್ಕೆ, ಅಕ್ಟೋಬರ್ 1ರಂದು, ಅವರು ಬಳ್ಳಾರಿಗೆ ಬಂದರು. ಆಗ ನಮ್ಮೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಾವು ಚಿಪ್ಸ್ ತಿಂತಾ ರೈಲು ಕಾಯೋ ಇದೇ ಊರಿನ ಸ್ಟೇಷನ್ನಲ್ಲಿ ಕೆಲವು ತಾಸು ಕಳೆದರು. ಅಂದ್ರೆ ಆ ಹೊಸ ವೇಷದಲ್ಲಿ ಅವರನ್ನ ಮೊದಮೊದಲು ನೋಡಿದವರಲ್ಲಿ ಬಳ್ಳಾರಿ ಜನರೂ ಇದ್ದಾರೆ.

ಎಲ್ಲಾ ಬಿಟ್ಟ ಮನುಷ್ಯ ಚಾದರ ಮಾತ್ರ ಬಿಡಲಿಲ್ಲ, ನೋಡ್ರಿ. ನನಗೆ ಹಿಡಿಸಿದ್ದು ಅದು.

ಭಾಗ 4
ಗಾಂಧೀಜಿ ಕಂಬಳಿ, ಡಬ್ಬಿ ಅಂದ ತಕ್ಷಣ ನಮ್ಮ ಕಡೆಯವರಿಗೆ ನಗು ಬರಬೇಕು. ಇದನ್ನ ನಮ್ಮ ಹಳ್ಳಿಗಳಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಖಡಕ್ ರೊಟ್ಟಿ ತಗೊಳ್ಳಿ. ಜೋಳದ ರೊಟ್ಟಿಯನ್ನ ತೆಳ್ಳಗೆ ತಟ್ಟಿ, ಬೇಯಿಸಿ, ನೀರಿನಂಶ ಹೋಗೋ ತನಕ ಒಣಗಿಸಿಬಿಟ್ಟರೆ ವಾರಗಟ್ಟಲೆ ಕೆಡಲ್ಲ. ನೀರೇ ಇಲ್ಲದ ಮೇಲೆ ಬೂಸ್ಟು ಎಲ್ಲಿಂದ ಬರಬೇಕು? ನೀರು ಹೋದಷ್ಟು ಗಂಟೂ ಹಗುರ. ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ, ಒಂದು ಉಳ್ಳಾಗಡ್ಡಿ. ಒಲೆ ಬೇಡ, ಪಾತ್ರೆ ಬೇಡ, ಚಮಚ ಬೇಡ.

ಇನ್ನು ಕುರುಬರು ನೇಯ್ದ ಕರೀ ಕಂಬಳಿ. ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆ ಬಂದರೆ ತಲೆ ಮೇಲೆ ಕೊಪ್ಪೆ, ಸಂತೆಯಲ್ಲಿ ಸಾಮಾನು ಕಟ್ಟೋ ಗಂಟು. ಒಂದೇ ವಸ್ತು, ನಾಲ್ಕು ಕೆಲಸ. ಈಗ ಅಂಗಡೀಲಿ "ಮಲ್ಟಿಪರ್ಪಸ್" ಅಂತ ಬರೆದು ದುಬಾರಿ ಬೆಲೆಗೆ ಮಾರೋದು ಇದೇ ಐಡಿಯಾನೇ.

ಭಾಗ 5
ಆದ್ರೆ ಒಂದು ಪ್ರಶ್ನೆ. ಒಂದು ರೊಟ್ಟಿ ಗಂಟು, ಒಂದು ಕಂಬಳಿ ಹಿಡಿದು ದಿನಗಟ್ಟಲೆ ನಡೆಯೋ ಧೈರ್ಯ ಎಲ್ಲಿಂದ ಬರ್ತಿತ್ತು?

ಉತ್ತರ ಚೀಲದೊಳಗೆ ಇಲ್ಲ, ದಾರೀಲಿದೆ. ಮಠದಲ್ಲಿ ದಾಸೋಹ. ಗುಡಿ ಕಟ್ಟೆ ಮೇಲೆ ಮಲಗೋಕೆ ಜಾಗ. ಬೇಸಿಗೆಯಲ್ಲಿ ಅರವಟ್ಟಿಗೆ. ಇವತ್ತಿಗೂ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಗೆ ಬರಿಗೈಲಿ ಹೋದರೂ ಹಸಿದು ವಾಪಸ್ ಬರ್ತೀವಿ ಅನ್ನೋ ಭಯ ಯಾರಿಗಿದೆ ಹೇಳಿ?

ಹಂಪಿಗೆ ಹೋದಾಗ ಭೋಜನಶಾಲೆ ಅಂತ ಕರೆಯೋ ಜಾಗ ನೋಡಿರ್ತೀರಿ. ನೀರು ಹರಿಯೋ ಕಾಲುವೆ, ಅದರ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಪಲ್ಯ, ಸಾರಿಗೆ ಅನ್ನೋ ಹಾಗೆ ಕಲ್ಲಲ್ಲೇ ಕೊರೆದ ಗುಳಿಗಳು. ತಟ್ಟೆ ಹೊತ್ತು ತರೋದೇ ಬೇಡ!

ನದಿ ದಾಟೋಕೂ ವ್ಯವಸ್ಥೆ ಇತ್ತು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಹರಿಗೋಲು ನೋಡಿ ಬೆರಗಾಗಿ ಬರೆದಿದ್ದಾನೆ: ಬುಟ್ಟಿ ಥರ ದುಂಡಗೆ, ಹೊರಗೆ ಚರ್ಮ, 15–20 ಜನ ಹಿಡಿಸ್ತಾರೆ, ತಿರುಗುತ್ತಾ ತಿರುಗುತ್ತಾ ಹೋಗುತ್ತೆ ಅಂತ. ಅದೇ ತುಂಗಭದ್ರೆ ಕೆಳಗೆ ಹರಿದು ಸಿರುಗುಪ್ಪದ ಕಡೆ ಬರ್ತಾಳೆ.

ಗಾಂಧೀಜಿ ಕೂಡ 1902ರಲ್ಲಿ ಹೆಚ್ಚಾಗಿ ಉಳಿದಿದ್ದು ಧರ್ಮಶಾಲೆಗಳಲ್ಲಿ, ಪಂಡಾಗಳ ಮನೆಗಳಲ್ಲಿ. ದಾರಿ ಎಷ್ಟು ಕೊಡುತ್ತೋ ಚೀಲ ಅಷ್ಟು ಹಗುರ. ನಮ್ಮ ಬ್ಯಾಗ್ ಹಗುರ ಆಗಿರೋದೂ ಹಾಗೇ: ಹೋದ ಕಡೆ ಲಾಡ್ಜ್ ಇದೆ, ಹೋಟೆಲ್ ಇದೆ, ಜೇಬಲ್ಲಿ ಯುಪಿಐ ಇದೆ.

ಭಾಗ 6
ಹಗುರವಾಗಿ ಹೋಗೋಕೆ ಇನ್ನೊಂದು ದಾರಿಯೂ ಇತ್ತು. ಬೇರೆಯವರ ಹೆಗಲು.

1800ರಲ್ಲಿ ನಿಜಾಮ ನಮ್ಮ ಸೀಮೆಯನ್ನ ಕುಂಪಣಿಗೆ ಬಿಟ್ಟುಕೊಟ್ಟ. ಅದಕ್ಕೇ ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ದತ್ತ ಮಂಡಲ ಅಂತಾರೆ. ಇಲ್ಲಿಗೆ ಬಂದ ಕಲೆಕ್ಟರ್ ಥಾಮಸ್ ಮನ್ರೋ. ಮೊದಲ ನಾಲ್ಕು ವರ್ಷದ ತನಕ ಮನೆ ಅಂತ ಮಾಡದೆ ಡೇರೆಯಲ್ಲೇ ಇದ್ದು, ಊರಿಂದೂರಿಗೆ ತಿರುಗಿ, ಜಮೀನಿನ ಲೆಕ್ಕ ಬರೆಸಿದ. ಕೊನೆಗೆ 1827ರಲ್ಲಿ, ಮದ್ರಾಸಿನ ಗವರ್ನರ್ ಆಗಿದ್ದಾಗ, ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡಿದ್ದೂ ಪ್ರವಾಸದಲ್ಲೇ. ಅವನ ಶ್ರಮಕ್ಕೆ ನಾನೂ ಕೈ ಮುಗೀತೀನಿ.

ಆದ್ರೆ ಡೇರೆ ತಾನಾಗೇ ನಡೆದು ಬರಲ್ಲ. ಬಟ್ಟೆ, ಗೂಟ, ಹಗ್ಗ, ಪೆಟ್ಟಿಗೆ, ಕಾಗದದ ಕಟ್ಟು, ಇಷ್ಟನ್ನೂ ಎತ್ತು ಹೊರಬೇಕು, ಆಳು ಹೊರಬೇಕು. ಕಾಮರ್ಸ್ ಭಾಷೇಲಿ ಹೇಳ್ತೀನಿ: ಭಾರ ಮಾಯ ಆಗಲಿಲ್ಲ, ಇನ್ನೊಬ್ಬರ ಖಾತೆಗೆ ವರ್ಗ ಆಯ್ತು ಅಷ್ಟೆ. ದೊಡ್ಡವರ ಪ್ರವಾಸದ ಕಥೆ ಓದುವಾಗೆಲ್ಲ ನನಗೀಗ ಮೊದಲು ಬರೋ ಪ್ರಶ್ನೆ: ಹೊತ್ತವರು ಯಾರು? ಅವರ ಹೆಸರು ಬಹಳ ಸಲ ಪುಸ್ತಕದಲ್ಲಿ ಇರೋದೇ ಇಲ್ಲ.

ಭಾಗ 7
ಈಗ ನನ್ನದೇ ಒಂದು ತಪ್ಪು ಒಪ್ಕೋತೀನಿ.

ಹೋದ ವರ್ಷ ಬಳ್ಳಾರಿಯಲ್ಲಿ ರಾತ್ರಿ ಬಸ್ಸಿಗೆ ಕಾಯ್ತಿದ್ದೆ. ನನ್ನ ಹತ್ರ ಒಂದು ಬ್ಯಾಕ್‌ಪ್ಯಾಕು. ನನ್ನ ಮುಂದೆ ಒಂದು ಕುಟುಂಬ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಜೋಳದ ಚೀಲ, ಅಲ್ಯೂಮಿನಿಯಂ ಪಾತ್ರೆಗಳ ಗಂಟು, ಸುತ್ತಿದ ಚಾಪೆ, ಪ್ಲಾಸ್ಟಿಕ್ ಕೊಡ. ಹತ್ತೋಕೆ ತಡ ಆಗ್ತಿತ್ತು. ನಾನು "ಇಷ್ಟೊಂದು ಲಗೇಜ್ ಯಾಕಪ್ಪಾ" ಅಂತ ಗೊಣಗಿದೆ. ಅಜ್ಜಿಗೆ ಕೇಳಿಸ್ತು. ಬೈಯಲಿಲ್ಲ. "ಅಲ್ಲಿ ಯಾರು ಕೊಡ್ತಾರಪ್ಪಾ" ಅಂದರು ಅಷ್ಟೆ.

ಅವರು ಗುಳೆ ಹೊರಟಿದ್ದರು, ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ. ತುಂಗಭದ್ರಾ ಕಾಲುವೆ ನೀರು ಮುಟ್ಟಿದ ಸಿರುಗುಪ್ಪದ ಕಡೆ ಗದ್ದೆಯ ಹಸಿರು ನೋಡಿ ನಾವು ಫೋಟೋ ಹಾಕ್ತೀವಿ. ನೀರು ಮುಟ್ಟದ ಊರುಗಳಲ್ಲಿ ಮಳೆ ಕೈಕೊಟ್ಟರೆ ಮನೆಗೆ ಬೀಗ ಬೀಳುತ್ತೆ. ಆ ಅಜ್ಜಿಗೆ ಹಗುರವಾಗಿ ಕಟ್ಟೋದು ಗೊತ್ತಿಲ್ಲ ಅಂತೇನೂ ಇಲ್ಲ. ರೊಟ್ಟಿ ಗಂಟು ಕಟ್ಟೋದನ್ನ ನಮಗೆ ಕಲಿಸಿದವರೇ ಅಂಥವರು. ಹೋದ ಕಡೆ ಚಾಪೆ ಇಲ್ಲ, ಕೊಡ ಇಲ್ಲ, ಒಲೆ ಇಲ್ಲ. ಅದಕ್ಕೇ ಇಡೀ ಮನೆಯನ್ನೇ ತಲೆ ಮೇಲೆ ಹೊತ್ತಿದ್ದರು.

ಅವತ್ತು ನನ್ನ ಬ್ಯಾಗ್ ಹಗುರ ಇದ್ದಿದ್ದು ನನ್ನ ಜಾಣತನದಿಂದ ಅಲ್ಲ. ಬೆಂಗಳೂರಲ್ಲಿ ನಮ್ಮ ಚಿಕ್ಕಮ್ಮನ ಮನೆ ಇತ್ತು.

ಭಾಗ 8
ಹಾಗಾಗಿ ನಮ್ಮ ಟ್ರಿಪ್ಪಿಗೆ ನನ್ನ ಪಟ್ಟಿ ಇದು. ಹಾಕ್ಕೊಂಡಿರೋದು ಬಿಟ್ಟು ಎರಡು ಜೊತೆ ಬಟ್ಟೆ. ಒಂದು ಚಾದರ, ಗಾಂಧೀಜಿನೂ ಬಿಡಲಿಲ್ಲ, ನಾವ್ಯಾಕೆ ಬಿಡಬೇಕು? ನೀರಿನ ಬಾಟಲಿ. ಖಡಕ್ ರೊಟ್ಟಿ, ಶೇಂಗಾ ಪುಡಿ: ಅಮ್ಮ ಮಾಡಿಕೊಡ್ತೀನಿ ಅಂದಿದ್ದಾರೆ, ಎಲ್ಲರಿಗೂ ಆಗೋಷ್ಟು ತರ್ತೀನಿ. ಟವೆಲ್ಲು, ಚಾರ್ಜರ್, ಬೇಕಾದ ಮಾತ್ರೆ. ಟ್ರಾಲಿ ಬೇಡ.

ಎರಡು ನಿಯಮ. ನಮ್ಮ ಬ್ಯಾಗ್ ನಾವೇ ಹೊರೋದು, ಹುಡುಗರ ಬ್ಯಾಗ್ ಜೂನಿಯರ್‌ಗಳ ಹೆಗಲಿಗೆ ಹೋಗೋ ಹಾಗಿಲ್ಲ. ಮತ್ತೆ ಬಸ್ಸಲ್ಲಿ ಯಾರದ್ದಾದರೂ ದೊಡ್ಡ ಗಂಟು ಕಂಡರೆ ಗೊಣಗೋ ಹಾಗಿಲ್ಲ, ಒಂದು ಕೈ ಹಚ್ಚಬೇಕು. ನಮ್ಮ ಎರಡೂ ಕೈ ಖಾಲಿ ಇರುತ್ತಲ್ಲ?

ನಿಮ್ಮ ಮನೇಲಿ ಅಜ್ಜ, ಅಜ್ಜಿ ಊರಿಗೆ ಹೊರಟಾಗ ಗಂಟಲ್ಲಿ ಏನೇನು ಕಟ್ಟಿಕೊಳ್ತಿದ್ದರು? ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ, ನನಗೂ ಬರೀರಿ.

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ನಮ್ಮೂರ_ಇತಿಹಾಸ #ರೊಟ್ಟಿಗಂಟು