ಇಳಕಲ್ಲ ಸೆರಗಿನ ಜೀರ್ಣೋದ್ಧಾರ

ಬಾದಾಮಿಯ ಮೂರನೆಯ ಗುಹೆಯು ಕೀರ್ತಿವರ್ಮನ ಕಾಲದಲ್ಲಿ, ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ ಮುಗಿಯಿತೆಂದು ಅಲ್ಲಿಯ ಶಾಸನದಿಂದ ತಿಳಿಯುವದು. ಅಲ್ಲಿಯ ಮೂರ್ತಿಗಳು ಉಟ್ಟ ವಸ್ತ್ರದ ಅಂಚುಗಳನ್ನು ಇಂದಿಗೂ ಕಾಣಬಹುದು. ಆದರೆ ಆ ಕಾಲದ ಮಗ್ಗದಿಂದಿಳಿದ ಅರಿವೆಯು ನೋಡಲು ದೊರೆಯದು. ಶಿಲೆಯ ಆಯುಸ್ಸು ಬೇರೆ, ನೂಲಿನ ಆಯುಸ್ಸು ಬೇರೆ. ಆದುದರಿಂದ ಬಾಗಲಕೋಟೆ ಹುನಗುಂದಗಳ ಕಡೆಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಇಳಕಲ್ಲ ಸೀರೆಗಳೇ ಆ ಸೀಮೆಯ ನೇಯ್ಗೆಯ ಇತಿಹಾಸಕ್ಕೆ ಮುಖ್ಯ ಸಾಧನಗಳು.

ಈ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಶಿಮೆಯದು. ಇವೆರಡನ್ನೂ ಮಗ್ಗದ ಮೇಲೆಯೇ ಎಳೆಗೆಳೆ ಕೊಂಡಿ ಹಾಕಿ ಕೂಡಿಸುವದೇ ತೋಪತೆನಿಯ ವೈಶಿಷ್ಟ್ಯ. ನೀರು ಸೋಕಿದರೆ ಹತ್ತಿಯೂ ರೇಶಿಮೆಯೂ ಸಮನಾಗಿ ಹಿಗ್ಗಿ ಕುಗ್ಗವು. ಆದುದರಿಂದ ಆ ಕೊಂಡಿಯ ಸಾಲಿಗೇ ಜಗ್ಗು ಬೀಳುವದು. ಮೇಲಾಗಿ ಸೆರಗಿನ ಕೆಂಪು ಬಣ್ಣವು ಪಕ್ಕದ ಬಿಳಿಯ ತೆನೆಗಳ ಮೇಲೆ ಹರಿದರೆ ಮರಳಿ ತೆಗೆಯುವದು ಕಷ್ಟ. 20ನೆಯ ಶತಮಾನದಲ್ಲಿ ರೇಶಿಮೆಯ ಬದಲು ಕೃತಕ ರೇಶಿಮೆಯ ಬಳಕೆಯು ಹೆಚ್ಚಿತು. ಆ ನೂಲು ನೆನೆದಾಗ ತನ್ನ ಬಲದಲ್ಲಿ ಗಣನೀಯ ಪಾಲನ್ನು ಕಳೆದುಕೊಳ್ಳುವದು. ಆದಕಾರಣ ನೂಲಿನ ಜಾತಿಯನ್ನು ಗುರುತಿಸಿ, ಒಂದು ಮೂಲೆಯಲ್ಲಿ ಒದ್ದೆಯ ಬಿಳಿ ಹತ್ತಿಯನ್ನೊತ್ತಿ ಬಣ್ಣವನ್ನು ಪರೀಕ್ಷಿಸಿದ ತರುವಾಯವೇ ತೊಳೆಯುವ ವಿಚಾರವನ್ನು ಮಾಡತಕ್ಕದ್ದು.

ಕಸೂತಿಯಿದ್ದರಂತೂ ಇನ್ನೊಂದು ಎಚ್ಚರಿಕೆ ಬೇಕು. ಗೋಪುರ, ತೇರು, ಆನೆ, ತುಲಸಿಯ ವೃಂದಾವನಗಳನ್ನು ಗವಂತಿ, ಮುರಗಿ ಹೊಲಿಗೆಗಳಿಂದ ತೆಗೆಯುವ ಹೆಣ್ಣುಮಕ್ಕಳು ದಾರಕ್ಕೆ ಗಂಟು ಹಾಕದೆ, ಅರಿವೆಯ ಎರಡೂ ಮೈಗಳಲ್ಲಿ ಒಂದೇ ರೂಪವು ಕಾಣುವಂತೆ ಎಣಿಸಿ ಹೊಲಿಯುವರು. ಅಂಥ ಸೆರಗನ್ನು ಹಲಗೆಗೆ ಅಂಟಿನಿಂದ ಹಚ್ಚಿ ಗಾಜಿನ ಚೌಕಟ್ಟಿನಲ್ಲಿಡುವವರು ಆ ಕೌಶಲದ ಅರ್ಧವನ್ನೇ ಮರೆಮಾಡುವರು. ಮುಂದೆ ಅಂಟು ಗಡುಸಾಗಿ ಎಳೆಗಳೂ ಮುರಿಯುವವು.

ಶಾಸ್ತ್ರೀಯ ಕ್ರಮವು ಇದಕ್ಕಿಂತ ತಾಳ್ಮೆಯದು. ಮೃದುವಾದ ಕುಂಚದಿಂದ ಧೂಳನ್ನು ತೆಗೆದು, ಮಡಿಕೆಗಳನ್ನು ಬಲವಂತವಿಲ್ಲದೆ ಬಿಡಿಸಿ, ಹರಿದ ಭಾಗದ ಕೆಳಗೆ ಅದೇ ಬಣ್ಣದ ತೆಳುವಸ್ತ್ರವನ್ನಿರಿಸಿ, ಸಣ್ಣ ರೇಶಿಮೆಯೆಳೆಯಿಂದ ಗಟ್ಟಿಯಾದ ನೂಲುಗಳ ನಡುವೆ ಹೊಲಿಯುವರು. ಕಸೂತಿಯ ಹಿಂಬದಿಯನ್ನು ತೆರೆದು ನೋಡುವ ಅನುಕೂಲವನ್ನುಳಿಸುವರು. ಬಳಿಕ ಉರುಳೆಗೆ ಸುತ್ತಿ, ಬಿಳಿಯ ಮಲ್ಮಲ್ಲನ್ನು ಹೊದಿಸಿ, ಬಿಸಿಲೂ ತೇವವೂ ತಾಗದಂತೆ ಇಡುವರು.

ಇಳಕಲ್ಲಿನಲ್ಲಿ ಹೊಸ ಸೆರಗುಗಳು ಇಂದಿಗೂ ಮಗ್ಗದಿಂದಿಳಿಯುತ್ತಿವೆ. ಆದರೆ ಅಜ್ಜಿಯರ ಎಣಿಕೆಯನ್ನು ಹೊತ್ತ ಹಳೆಯ ಸೆರಗನ್ನು ಯಾವ ಮಗ್ಗವೂ ಮರಳಿ ಕೊಡಲಾರದು. ಜೀರ್ಣೋದ್ಧಾರಕನ ಹೊಲಿಗೆಯನ್ನು ನಾಳೆ ಬಿಚ್ಚಲು ಬರಬೇಕು. ನೇಕಾರನ ಕೊಂಡಿಯು ಮಾತ್ರ ಎಂದೂ ಬಿಚ್ಚಬಾರದು.