ಮುಟ್ಟುವ ಮುನ್ನ

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೋದಾಗ, ಅಸ್ವಸ್ಥ ಮಕ್ಕಳನ್ನು ಎದೆಗವಚಿಕೊಂಡು ಬರುವ ತಾಯಂದಿರನ್ನು ನೀವು ಕಂಡಿರುತ್ತೀರಿ. ಆದರೆ ಎದೆಗವಚಿಕೊಳ್ಳಲೂ ಅಂಜಬೇಕಾದ ಮಕ್ಕಳು ಲೋಕದಲ್ಲಿದ್ದಾರೆ. ಅಂಗಿಯ ಹೊಲಿಗೆ ಉಜ್ಜಿದರೂ ಅವರ ಚರ್ಮ ಗುಳ್ಳೆಯೆದ್ದು ಸುಲಿಯುತ್ತದೆ. ಚರ್ಮದ ಪದರಗಳನ್ನು ಬೆಸೆಯುವ ಪ್ರೋಟೀನುಗಳಲ್ಲಿ ಹುಟ್ಟಿನಿಂದಲೇ ಇರುವ ದೋಷ ಇದಕ್ಕೆ ಕಾರಣ. ಇದು ವಂಶವಾಹಿಗಳಿಂದ ಬರುವ ಕಾಯಿಲೆ; ಅಂಟುರೋಗವಲ್ಲ. 1886ರಲ್ಲಿ ಜರ್ಮನಿಯ ವೈದ್ಯ ಹೈನ್ರಿಕ್ ಕೋಬ್ನರ್ ಇದನ್ನು 'ಎಪಿಡರ್ಮೊಲೈಸಿಸ್ ಬುಲ್ಲೋಸ' ಎಂದು ಕರೆದರು.

ಕಾಯಿಲೆಗೆ ಹೆಸರು ಸಿಕ್ಕಿತು. ಎಳೆಯರ ನೋವಿಗೆ ಕಿವಿ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಿದ್ದರು. ಆದರೂ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ 1965ರಲ್ಲಿಯೂ, ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆ ಜಗತ್ತಿನ ವೈದ್ಯರಲ್ಲಿ ವ್ಯಾಪಕವಾಗಿತ್ತು. ಇಂದೋರಿನಲ್ಲಿ ಕಲಿತ ಡಾ. ಕೆ.ಜೆ.ಎಸ್. ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಶಸ್ತ್ರಚಿಕಿತ್ಸೆಯ ವೇಳೆ ಪ್ರಬಲ ನೋವು ನಿವಾರಕ ಪಡೆದ ಶಿಶುಗಳು ಪಡೆಯದವುಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು.

ಗುಳ್ಳೆಯೇಳುವ ಚರ್ಮದ ಮಕ್ಕಳಿಗೆ ಈ ಅರಿವು ಎಷ್ಟು ಅಗತ್ಯ! ಕಾಯಿಲೆ ತೀವ್ರವಾದಾಗ ಕೈಬೆರಳುಗಳು ಕೂಡಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಶಸ್ತ್ರಚಿಕಿತ್ಸೆ ಅನಿವಾರ್ಯವಾಗುತ್ತದೆ. ಅಲ್ಲಿ ಸಾಮಾನ್ಯ ಉಪಚಾರವೇ ಗಾಯ ಮಾಡಬಲ್ಲದು. ಅಂಟುಪಟ್ಟಿ ಕಿತ್ತರೆ ಚರ್ಮವೂ ಕಿತ್ತುಬರುತ್ತದೆ. ಆದ್ದರಿಂದ ಸೂಜಿಯನ್ನು ಮೃದುವಾದ ಬ್ಯಾಂಡೇಜಿನಿಂದ ಸುತ್ತಿ ನಿಲ್ಲಿಸುತ್ತಾರೆ. ಮುಖದ ಮಾಸ್ಕಿಗೆ ಮುಲಾಮು ಸವರುತ್ತಾರೆ. ರಕ್ತದೊತ್ತಡದ ಪಟ್ಟಿಯ ಕೆಳಗೆ ಹತ್ತಿ ಇಡುತ್ತಾರೆ. ಮಗುವನ್ನು ಜಾರಿಸದೆ, ಮೆಲ್ಲನೆ ಎತ್ತಿ ಮಲಗಿಸುತ್ತಾರೆ. ಒತ್ತುವುದಕ್ಕಿಂತ ಉಜ್ಜುವುದೇ ಈ ಚರ್ಮಕ್ಕೆ ಹೆಚ್ಚು ಅಪಾಯ. ಮನೆಯಲ್ಲಿ ಗಾಯದ ಬಟ್ಟೆ ಬದಲಿಸುವಾಗಲೂ ಅಷ್ಟೇ: ವೈದ್ಯರು ಹೇಳಿದ ನೋವಿನ ಔಷಧವನ್ನು ಮುಂಚಿತವಾಗಿಯೇ ಕೊಡಬೇಕು, ಅಂಟಿಕೊಂಡ ಬಟ್ಟೆಯನ್ನು ಎಳೆಯದೆ ನೆನೆಸಿ ಬಿಡಿಸಬೇಕು.

ಈ ಕಾಯಿಲೆಯ ಕುಟುಂಬಗಳಿಗೆಂದು 1978ರಲ್ಲಿ ಇಂಗ್ಲೆಂಡಿನಲ್ಲಿ ಡೆಬ್ರಾ ಸಂಸ್ಥೆಯನ್ನು ಆರಂಭಿಸಿದ ಫಿಲ್ಲಿಸ್ ಹಿಲ್ಟನ್ ವೈದ್ಯೆಯಲ್ಲ. ಇಂಥ ಮಗುವಿನ ತಾಯಿ. ಮಗುವನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬಾರದು ಎಂಬುದನ್ನು ತಾಯಿಗಿಂತ ಬಲ್ಲವರಾರು?

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಆಸ್ಪತ್ರೆಯ ಬಾಗಿಲಲ್ಲೇ ಅದನ್ನು ಧೈರ್ಯವಾಗಿ ತಿಳಿಸಿ. ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಮಗುವನ್ನು ಕಂಡರೆ ದೂರ ಸರಿಯಬೇಡಿ; ಅಕ್ಕರೆಯಿಂದ ತಲೆ ಸವರಲೂ ಅವಸರಿಸಬೇಡಿ. "ಹೇಗೆ ಮುಟ್ಟಲಿ, ತಾಯಿ?" ಎಂದು ಮೊದಲು ಕೇಳಿ. ಆ ಮಗುವಿನ ನೋವನ್ನು ನಂಬಿದ್ದೀರಿ ಎಂಬುದಕ್ಕೆ ಆ ಪ್ರಶ್ನೆಯೇ ಸಾಕ್ಷಿ.