ಪರದೆ ಹಿಂದೆಯೇ ಉಳಿದ ಬ್ಯಾಂಡ್, ರೊಚ್ಚಿಗೆದ್ದ ಪ್ರೇಕ್ಷಕರು: 1981ರ ರಿಟ್ಜ್ ಗಲಾಟೆ

ಬ್ರಿಟನ್‌ನ ಪ್ರಯೋಗಶೀಲ ಪೋಸ್ಟ್-ಪಂಕ್ ಬ್ಯಾಂಡ್ 'ಪಬ್ಲಿಕ್ ಇಮೇಜ್ ಲಿಮಿಟೆಡ್' (ಪಿಲ್) 1981ರ ಮೇ 15ರಂದು ನ್ಯೂಯಾರ್ಕ್‌ನ ರಿಟ್ಜ್ ಕ್ಲಬ್‌ನಲ್ಲಿ ನೀಡಿದ ಸಂಗೀತ ಕಾರ್ಯಕ್ರಮ ಗಲಾಟೆಯಲ್ಲಿ ಅಂತ್ಯವಾಯಿತು. 'ಸೆಕ್ಸ್ ಪಿಸ್ತೂಲ್ಸ್' ಖ್ಯಾತಿಯ ಜಾನ್ ಲೈಡನ್ 1978ರಲ್ಲಿ ಕಟ್ಟಿದ ತಂಡವಿದು.

ಅಂದು 'ಬೌ ವೌ ವೌ' ಬ್ಯಾಂಡ್ ಬದಲಿಗೆ ಪಿಲ್‌ಗೆ ಅವಕಾಶ ಸಿಕ್ಕಿತ್ತು. ಲೈಡನ್, ಕೀತ್ ಲೆವೀನ್, ಜೀನೆಟ್ ಲೀ ಹಾಗೂ ಹಿರಿಯ ಜಾಝ್ ಡ್ರಮ್ಮರ್ ಸ್ಯಾಮ್ ಉಲಾನೋ ದೊಡ್ಡ ವಿಡಿಯೋ ಪರದೆಯ ಹಿಂದೆ ನಿಂತರು. ಜನರಿಗೆ ಕಂಡಿದ್ದು ನೆರಳು ಮತ್ತು ಪರದೆ ಮೇಲಿನ ಚಿತ್ರ ಮಾತ್ರ. ಹಾಡುಗಳ ರೆಕಾರ್ಡ್ ಕೂಡ ಹಾಕಲಾಗಿತ್ತು.

ಪರದೆ ಎತ್ತಿ ಎಂದು ಪ್ರೇಕ್ಷಕರು ಕೂಗಿದಾಗ ಲೈಡನ್ ಅವರನ್ನು ಕೆಣಕಿದರು. ಬಾಟಲಿ, ಕುರ್ಚಿಗಳು ತೂರಿಬಂದವು. ಕಾರ್ಯಕ್ರಮ ಅರ್ಧಕ್ಕೇ ನಿಂತಿತು. ಟಿಕೆಟ್ ಕೊಂಡವರು ಗಾಯಕನನ್ನು ಕಣ್ಣಾರೆ ಕಾಣಲು ಬಂದಿದ್ದರು. ಆ ನಿರೀಕ್ಷೆಯನ್ನೇ ಪಿಲ್ ಪ್ರಶ್ನಿಸಲು ಹೊರಟಿತ್ತು.